ಬೆಳೆಯೋ ಹುಡುಗನ ಅಂಗಿ

ನಮ್ಮೂರಿನ ಟೇಲರ್ ನಮ್ಮ ಅಳತೆ ತಗೊಳ್ಳುತ್ತಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ನಾವು ಎಷ್ಟು ಉದ್ದ ಆಗಿರುತ್ತೇವೋ ಆ ಅಳತೆ ತಗೊಳ್ಳುತ್ತಿದ್ದ. ಟೇಪು ಹಿಡಿಯುತ್ತಿದ್ದದ್ದು ನಮ್ಮ ಭುಜಕ್ಕೇ ನಿಜ, ಆದರೆ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ ಅಂಕಿ ಬೇರೆ. ಪಕ್ಕದಲ್ಲಿ ನಿಂತ ಅಪ್ಪ "ಬೆಳಿಯೋ ಹುಡುಗ ಅದಾನ, ಸ್ವಲ್ಪ ಸಡ್ಲ ಹೊಲೀರಿ" ಅಂದರೆ ಮುಗೀತು. ಹೊಸ ಅಂಗಿ ಮೊದಲ ವರ್ಷ ಮೊಣಕಾಲು ಮುಟ್ಟುತ್ತಿತ್ತು. ಎರಡನೇ ವರ್ಷ ಮೈಗೆ ಸರಿಯಾಗಿ ಕೂರುತ್ತಿತ್ತು, ಅಷ್ಟೊತ್ತಿಗೆ ಬಣ್ಣ ಹೋಗಿರುತ್ತಿತ್ತು. ಬಣ್ಣವೂ ಇದ್ದು ಅಳತೆಯೂ ಸರಿ ಇದ್ದ ಅಂಗಿ ಹಾಕಿಕೊಂಡ ನೆನಪು ನನಗಿಲ್ಲ.

ಖಾಕಿ ಚಡ್ಡಿಯದ್ದು ಇನ್ನೊಂದು ಕಥೆ. ಕೆಳಗಡೆ ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿಸಿರುತ್ತಿದ್ದರು. ಶಾಲೆ ಶುರುವಾಗುವ ಮುಂಚೆ ಅವ್ವ ಹಳೇ ಬ್ಲೇಡಿನಿಂದ ಆ ಹೊಲಿಗೆ ಬಿಚ್ಚಿ, ಒಂದು ಮಡಿಕೆ ಕೆಳಕ್ಕೆ ಇಳಿಸುತ್ತಿದ್ದಳು. ಚಡ್ಡಿ ಪೂರ್ತಿ ಬಿಳಚಿಕೊಂಡು, ಇಳಿಸಿದ ಪಟ್ಟಿ ಮಾತ್ರ ಹೊಸ ಖಾಕಿಯಾಗಿ ಎದ್ದು ಕಾಣುತ್ತಿತ್ತು. ಸಾಲಾಗಿ ನಿಲ್ಲಿಸಿದರೆ ಯಾವ ಹುಡುಗ ಒಂದು ವರ್ಷದಲ್ಲಿ ಎಷ್ಟು ಎತ್ತರ ಆಗಿದ್ದಾನೆ ಅಂತ ಯಾರು ಬೇಕಾದರೂ ಹೇಳಬಹುದಿತ್ತು.

ಇದು 1980ರ ದಶಕದ ಮಾತು. ಸಿರುಗುಪ್ಪ ತಾಲ್ಲೂಕಿನ ನಮ್ಮ ಹಳ್ಳಿಯವರು ಬಟ್ಟೆ ತರಲು ಬಳ್ಳಾರಿಗೇ ಹೋಗಬೇಕಿತ್ತು. ಅಪ್ಪ ವರ್ಷಕ್ಕೊಮ್ಮೆ ದೀಪಾವಳಿಗೆ ಹೋಗಿ ಒಂದು ಥಾನು ತರುತ್ತಿದ್ದ. ಬೇರೆ ಬೇರೆ ಬಣ್ಣದಲ್ಲಿ ತುಂಡು ತುಂಡು ತಗೊಂಡರೆ ರೇಟು ಜಾಸ್ತಿ, ಥಾನಿನ ಲೆಕ್ಕದಲ್ಲಿ ಕಡಿಮೆ. ಹಾಗಾಗಿ ಅಣ್ಣನಿಗೆ, ನನಗೆ, ತಮ್ಮನಿಗೆ ಒಂದೇ ಅಂಗಿ. ಅಕ್ಕನಿಗೆ ಅದೇ ಬಟ್ಟೆಯಲ್ಲಿ ಲಂಗದ ಮೇಲಿನ ಪೋಲಕ. ಉಳಿದ ತುಂಡಲ್ಲಿ ಎರಡು ದಿಂಬಿನ ಚೀಲ. ಹಬ್ಬಕ್ಕೆ ಬಂದ ಸೋದರಮಾವ ಮಲಗುವ ಮುಂಚೆ ದಿಂಬು ನೋಡಿ, ನನ್ನನ್ನು ನೋಡಿ, "ಇವನ್ ಮ್ಯಾಲ ತಲಿ ಇಟ್ಟು ಮಲಗ್ಲೋ, ಇದರ ಮ್ಯಾಲ ಮಲಗ್ಲೋ" ಅಂದಿದ್ದ. ಜಾತ್ರೆಯಲ್ಲಿ ಮಕ್ಕಳು ಕಳೆದುಹೋಗುವ ಭಯ ಮಾತ್ರ ಇರಲಿಲ್ಲ. ಒಬ್ಬ ಸಿಕ್ಕರೆ ಉಳಿದವರು ಯಾರ ಮನೆಯವರು ಅಂತ ಗೊತ್ತಾಗುತ್ತಿತ್ತು.

ಶಾಲೆಯ ಚೀಲ ಯೂರಿಯಾ ಗೊಬ್ಬರದ ಚೀಲದಿಂದ ಆಗುತ್ತಿತ್ತು. ಎಷ್ಟು ಉಜ್ಜಿ ತೊಳೆದರೂ ಅದರ ಮೇಲಿನ ಅಚ್ಚು ಹೋಗುತ್ತಿರಲಿಲ್ಲ. ಬೆನ್ನ ಮೇಲೆ 46% ಸಾರಜನಕ ಅಂತ ಹೊತ್ತುಕೊಂಡು ನಾವು ಶಾಲೆಗೆ ಹೋಗುತ್ತಿದ್ದೆವು. ಮಳೆ ಬಂದರೆ ಇನ್ನೊಂದು ಚೀಲದ ಮೂಲೆಯನ್ನು ಒಳಕ್ಕೆ ತಳ್ಳಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುವುದು. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಅದಕ್ಕೆ ಛತ್ರಿ ಯಾರು ಕೊಳ್ಳುತ್ತಾರೆ? ಹವಾಯಿ ಚಪ್ಪಲಿ ಕಿತ್ತರೆ ಪಿನ್ನು, ಸೋಪು ಸವೆದರೆ ಅದರ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವುದು. ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ ಬಿಡಿ.

ಊಟದಲ್ಲಿ ಕೆಡುವುದು ಅಂತ ಏನೂ ಇರಲಿಲ್ಲ. ಜೋಳದ ರೊಟ್ಟಿ ಉಳಿದರೆ ನಮ್ಮ ಬಿಸಿಲು ಅದನ್ನು ತಾನೇ ಖಟಕ್ ರೊಟ್ಟಿ ಮಾಡಿಕೊಡುತ್ತಿತ್ತು. ಅದನ್ನು ಮುರಿದು ಮಜ್ಜಿಗೆಗೆ ಹಾಕಿ, ಉಳ್ಳಾಗಡ್ಡಿ ಕಚ್ಚಿಕೊಂಡು, ಗುರೆಳ್ಳು ಚಟ್ನಿ ನೆಂಚಿಕೊಂಡರೆ ಬೆಳಗಿನ ಹೊಟ್ಟೆ ತುಂಬಿತು. ಮೆತ್ತಗಾದ ಮಂಡಕ್ಕಿ ಒಗ್ಗರಣೆಗೆ ಹೋಗುತ್ತಿತ್ತು. ಹೇಗೂ ನೀರಲ್ಲಿ ನೆನೆಸಲೇಬೇಕು ಅಲ್ವಾ? ಹುಳಿಯಾದ ಮೊಸರಿಗೆ ಮೆಣಸಿನಕಾಯಿ ಬೀಳುತ್ತಿತ್ತು, ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟು ಸಾರಾಗುತ್ತಿತ್ತು. ಆ ಸಾರು ಮರುದಿನ ಹೋಳಿಗೆಗಿಂತ ರುಚಿ. ಈ ವಿಷಯದಲ್ಲಿ ನನ್ನ ಜೊತೆ ಯಾರೂ ವಾದ ಮಾಡಬೇಡಿ.

ಅನ್ನದ ವಿಷಯದಲ್ಲಿ ಮಾತ್ರ ಅಜ್ಜಿಯದ್ದು ಬೇರೆ ಕಾನೂನು. ತಟ್ಟೆಯಲ್ಲಿ ಒಂದು ಅಗಳು ಬಿಟ್ಟರೂ ಬೈಗುಳ. ಹೊರಗೆ ನೋಡಿದರೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ, ಒಳಗೆ ಒಂದು ಅಗಳಿಗೆ ಇಷ್ಟು ಜಗಳ ಯಾಕೆ ಅಂತ ನಮಗೆ ಅರ್ಥ ಆಗುತ್ತಿರಲಿಲ್ಲ. ಅವಳು ಮದುವೆಯಾಗಿ ಬಂದಾಗ ಇಲ್ಲಿ ಕಾಲುವೆಯೇ ಇರಲಿಲ್ಲ. ಜೋಳ, ಸಜ್ಜೆ, ನವಣೆ ಬಿಟ್ಟರೆ ಬೇರೆ ಬೆಳೆ ಕಮ್ಮಿ. ಅನ್ನ ಅಂದರೆ ಹಬ್ಬ, ಇಲ್ಲವೇ ಮನೆಗೆ ಅಳಿಯ ಬಂದ ದಿನ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು, ಆಮೇಲೆ ಕಾಲುವೆ ನೀರು ಹರಿದು ಊರೂರಿಗೂ ಭತ್ತ ಬಂತು. ಅದೇ 1953ರಲ್ಲಿ ಬಳ್ಳಾರಿ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಉಂಟು. ಅಜ್ಜಿ ಒಂದು ದಿನವೂ ಆ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ. ಅವಳ ಲೆಕ್ಕದಲ್ಲಿ ಆ ಕಾಲದಲ್ಲಿ ಆದ ದೊಡ್ಡ ಸಂಗತಿ ಒಂದೇ, ಮನೆಗೆ ಅಕ್ಕಿ ಬಂದದ್ದು.

ಭತ್ತದ ಜೊತೆ ಹೊಟ್ಟೂ ಬಂತು. ರೈಸ್ ಮಿಲ್ಲಿನ ಹಿಂದೆ ಗುಡ್ಡದಷ್ಟು ಬಿದ್ದಿರುತ್ತಿತ್ತು. ನಮ್ಮ ಬಚ್ಚಲಿನ ಒಲೆ ನಡೆಯುತ್ತಿದ್ದದ್ದು ಅದರಿಂದಲೇ. ಎಣ್ಣೆಯ ತಗಡಿನ ಡಬ್ಬಿ, ಅದರ ಬುಡದಲ್ಲಿ ಪಕ್ಕಕ್ಕೆ ಒಂದು ತೂತು. ತೂತಿನೊಳಗೆ ಒಂದು ಕಟ್ಟಿಗೆ ತೂರಿಸಿ, ನಡುವೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಹೊಟ್ಟು ಹಾಕಿ ಮುಷ್ಟಿಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ಎರಡೂ ಕಟ್ಟಿಗೆಯನ್ನು ಮೆಲ್ಲಗೆ ತಿರುವುತ್ತಾ ಹೊರಗೆ ಎಳೆಯಬೇಕು. ಅವಸರ ಮಾಡಿದರೆ ಹೊಟ್ಟು ಕುಸಿದು ತೂತು ಮುಚ್ಚಿ, ಎಲ್ಲ ಮೊದಲಿಂದ. ಸರಿಯಾಗಿ ಬಂದರೆ ಕೆಳಗೆ ಹಚ್ಚಿದ ಬೆಂಕಿ ನಡುವಿನ ತೂತಿನಲ್ಲಿ ಮೇಲೇರಿ, ಮನೆಮಂದಿಯ ಸ್ನಾನ ಮುಗಿಯುವವರೆಗೂ ಸುಮ್ನೆ ಉರಿಯುತ್ತಿತ್ತು. ಉಳಿದ ಬೂದಿ ಪಾತ್ರೆ ತಿಕ್ಕಲು, ಕಂದೀಲಿನ ಗಾಜು ಒರೆಸಲು. ಕರ್ರಗೆ ಉಳಿದ ಹೊಟ್ಟಿಗೆ ಉಪ್ಪು ಸೇರಿಸಿದರೆ ಹಲ್ಲುಪುಡಿ. ಹೊಟ್ಟು ಪುಕ್ಕಟೆ. ಆದರೆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಆ ಡಬ್ಬಿ ತುಂಬುತ್ತಿದ್ದವಳು ಅವ್ವ.

ಹಳೇ ಕಾಲದ ಉಳಿತಾಯ ನೆನೆದು ನಾವು ಗಂಡಸರು ಬಹಳ ಖುಷಿಪಡುತ್ತೇವೆ. ಅಪ್ಪನ ಕೆಲಸ ಕಡಿಮೆ ಕೊಳ್ಳುವುದು, ಅಲ್ಲಿಗೆ ಮುಗೀತು. ಕಡಿಮೆ ಕೊಂಡದ್ದನ್ನು ಜಾಸ್ತಿ ದಿನ ಬರಿಸುತ್ತಿದ್ದವಳು ಅವ್ವ. ಬಿಚ್ಚುವುದು, ಹೊಲಿಯುವುದು, ಒಣಹಾಕುವುದು, ತುಂಬುವುದು, ತಿಕ್ಕುವುದು. ಉಳಿದದ್ದು ದುಡ್ಡು, ಖರ್ಚಾದದ್ದು ಅವಳ ಹೊತ್ತು. ಆ ಲೆಕ್ಕವನ್ನು ನಮ್ಮ ಮನೆಯ ಖಾತೆ ಪುಸ್ತಕದಲ್ಲಿ ಯಾರೂ ಬರೆದಿಲ್ಲ.

ಕೌದಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಜ್ಜಿಯ ಸೀರೆ, ಅಪ್ಪನ ಧೋತ್ರ, ನಮ್ಮ ಅಂಗಿಗಳು ಇನ್ನು ಯಾರಿಗೂ ಬರುವುದಿಲ್ಲ ಅಂತ ಆದ ಮೇಲೆ ಗಂಟಿಗೆ ಸೇರುತ್ತಿದ್ದವು. ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಅವನ್ನು ಪದರ ಪದರವಾಗಿ ಹಾಸಿ, ಅವ್ವ, ಅಜ್ಜಿ, ಪಕ್ಕದ ಮನೆಯ ದೊಡ್ಡವ್ವ ಸುತ್ತ ಕೂರುತ್ತಿದ್ದರು. ಹೊಲಿಗೆ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೋಗುತ್ತಿತ್ತು. ಸೂಜಿಗೆ ದಾರ ಪೋಣಿಸಿ ಕೊಡುವುದು ನಮ್ಮ ಕೆಲಸ, ಅಜ್ಜಿಗೆ ಕಣ್ಣು ಮಂದ. ದಿನಕ್ಕೆ ಒಂದು ಗೇಣು ಮುಂದೆ ಹೋದರೆ ದೊಡ್ಡದು. ನಡುವೆ ಕೊನೆಯ ಸುತ್ತು ಮುಚ್ಚುವ ಮುಂಚೆ ಅಜ್ಜಿ ಒಂದು ಚೂರು ರೊಟ್ಟಿ ಒಳಗಿಡುತ್ತಿದ್ದಳು. ಕೌದಿ ಹಸಿದಿರಬಾರದಂತೆ, ಹಸಿದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಆ ರೊಟ್ಟಿಗಾಗಿ ಇಲಿ ಕೌದಿ ಕಡಿದದ್ದೂ ಉಂಟು, ಅದಕ್ಕೆ ಮತ್ತೊಂದು ತೇಪೆ. ನಾನು ಹೊದ್ದುಕೊಂಡ ಕೌದಿಯಲ್ಲಿ ಮೂರು ಅಂಗಿ, ಒಂದು ಪೋಲಕ, ಒಂದು ದಿಂಬಿನ ಚೀಲ ಎಲ್ಲ ಮತ್ತೆ ಒಟ್ಟಿಗೆ ಸೇರಿದ್ದವು. ಎಲ್ಲ ಒಂದೇ ಥಾನಿನವು.

ಹೊಲಿಯುವುದಕ್ಕಿಂತ ಕಷ್ಟ ಒಗೆಯುವುದು. ಮಹಾನವಮಿಗೆ ಮುಂಚೆ ಮನೆಯ ಅಷ್ಟೂ ಕೌದಿ ಬಂಡಿಗೆ ಹೇರಿಕೊಂಡು ಕಾಲುವೆಗೆ ಹೋಗಬೇಕು. ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತಲು ಆಗುವುದಿಲ್ಲ. ನಮಗೆ ಅದು ಈಜುವ ಹಬ್ಬ, ಬುತ್ತಿ ಬಿಚ್ಚುವ ಹಬ್ಬ. ಅವ್ವನಿಗೆ ಮರುದಿನ ಸೊಂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಈಗ ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಹೋದ ವರ್ಷ ಅಕ್ಕ ಅಲ್ಲಿಂದ ಒಂದು ಚೀಲ ಜೀನ್ಸ್ ತುಂಡು ತಂದು, ಕೌದಿ ಮಾಡಿಸೋಣ, ನೂರು ವರ್ಷ ಬರುತ್ತದೆ ಅಂದಳು. ಅವ್ವ ಒಂದು ತುಂಡು ಕೈಯಲ್ಲಿ ಹಿಡಿದು ತೂಗಿ ನೋಡಿ, ಮಾತಾಡದೆ ಚೀಲಕ್ಕೆ ವಾಪಸ್ ಹಾಕಿದಳು. ನನ್ನ ಮಗಳು ಫೋನಿನಲ್ಲಿ ಮಾರಾಟಕ್ಕಿದ್ದ ಕೌದಿ ತೋರಿಸಿದಳು, ಸಾವಿರಗಟ್ಟಲೆ ರೇಟು. ಅಷ್ಟು ರೊಕ್ಕವಾ ಅಂತ ಅವ್ವ ಗಾಬರಿಯಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಒಗ್ದೂ ಕೊಡ್ತಾರೇನು?"

"ಇಲ್ಲಜ್ಜಿ, ಒಗೆಯೋದು ನಾವೇ."

"ಹಂಗಾದ್ರ ಬ್ಯಾಡ ಬಿಡು."