ಅತ್ತೆಯ ಡಬ್ಬಿ, ಮಾವನ ಸಾಲ

ಮೊನ್ನೆ ಶರಾವತಿ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆ ಮೇಲೆ ಹೋಗಿ ಬಂದೆವು. 2025ರ ಜುಲೈನಲ್ಲಿ ಉದ್ಘಾಟನೆಯಾದ ಮೇಲೆ ನಾವು ಆ ಕಡೆ ಹೋಗಿದ್ದು ಇದೇ ಮೊದಲು. 2 ಕಿಲೋಮೀಟರಿಗೂ ಜಾಸ್ತಿ ಉದ್ದ ಇದೆ, ಆದರೂ ಕಾರಲ್ಲಿ ಕೂತವರಿಗೆ ಒಂದು ಹಾಡು ಮುಗಿಯುವಷ್ಟು ಹೊತ್ತೂ ಬೇಡ. ಆಚೆ ದಡ ಮುಟ್ಟಿದ್ದೇ ನಮ್ಮವರು, "ಅಮ್ಮ ಇದ್ದಿದ್ರೆ ಬೈತಿದ್ಲು ನೋಡು" ಅಂದರು. ಹೌದು, ಬೈಯುತ್ತಿದ್ದರು. ಇಷ್ಟು ಬೇಗ ತಲುಪಿದರೆ ಅದೆಂತ ತವರು ಅಂತ.

ಅತ್ತೆಯ ತವರು ಆಚೆ ದಡದ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಳಲ್ಲ, ಆಗ ಅವರು ಹುಟ್ಟಿದ ಮನೆ, ಅವರ ಅಪ್ಪನ ತೋಟ, ಬಾವಿ, ಎಲ್ಲ ನೀರೊಳಗೆ ಹೋಯಿತು. ಮನೆಯವರು ಗುಡ್ಡದ ಮೇಲೆ ಹತ್ತಿ ಹೊಸದಾಗಿ ಬದುಕು ಹೂಡಿದರು. 1968ರಲ್ಲಿ ಅತ್ತೆ ಮದುವೆಯಾಗಿ ಈಚೆ ದಡದ ನಮ್ಮ ಮನೆಗೆ ಬಂದರು. ಆಮೇಲೆ ಜೀವನವಿಡೀ ತವರಿಗೂ ಮನೆಗೂ ನಡುವೆ ಹಿನ್ನೀರು.

ಮಳೆಗಾಲದಲ್ಲಿ ಮಾವ ದಿನಾ ಪೇಪರ್‌ನಲ್ಲಿ ಮೊದಲು ನೋಡುತ್ತಿದ್ದುದು ಲಿಂಗನಮಕ್ಕಿ ನೀರಿನ ಮಟ್ಟ. ಗರಿಷ್ಠ 1819 ಅಡಿ, ಇವತ್ತು ಇಷ್ಟು ಅಂತ ಜೋರಾಗಿ ಓದಿ, "ಏ ಇವಳೇ, ನಿನ್ನ ಅಪ್ಪನ ಮನೆ ಮೇಲೆ ಇವತ್ತು ಇನ್ನೂ ಎರಡಡಿ ಏರ್ತು" ಅನ್ನುತ್ತಿದ್ದರು. ಅತ್ತೆ ಒಳಗಿಂದಲೇ, "ಓದಿ ಓದಿ, ನಿಮ್ಮ ಅಪ್ಪನ ಮನೆ ಮುಳುಗಿದ್ರೆ ಗೊತ್ತಾಗ್ತಿತ್ತು" ಅನ್ನುತ್ತಿದ್ದರು. ನಾನು ಮೈಸೂರಿನವಳು, 1998ರಲ್ಲಿ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಹೆದರಿಬಿಟ್ಟಿದ್ದೆ. ಇಷ್ಟು ಕಟುವಾಗಿ ಮಾತಾಡಿದ ಮೇಲೆ ಊಟಕ್ಕೆ ಹೇಗೆ ಕೂರುತ್ತಾರೆ ಅಂತ. ಕೂತರು. ಅಪ್ಪೆಹುಳಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಇನ್ನೊಂದು ಜಗಳ ಶುರು ಮಾಡಿದರು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವರಿಬ್ಬರ ಬಗ್ಗೆ ಯಾರು ಮಾತಾಡಿದರೂ ಒಂದೇ ರಾಗ. 51 ವರ್ಷ ಸಂಸಾರ, ಒಂದು ದಿನ ಜಗಳ ಇಲ್ಲ, ಒಬ್ಬರಿಗೊಬ್ಬರು ಹೊಂದಿಕೊಂಡು ಹೋದರು, ಈಗಿನವರಿಗೆ ತಾಳ್ಮೆ ಎಲ್ಲಿದೆ. ಅತ್ತೆಯ ಹನ್ನೆರಡನೇ ದಿನದ ಊಟದ ಪಂಕ್ತಿಯಲ್ಲೂ ಕೇಳಿದೆ. ಯಾವ ಮನೆ ಕಥೆ ಹೇಳ್ತಿದ್ದೀರಿ ಅಂತ ಕೇಳಬೇಕು ಅನಿಸಿತ್ತು, ಬಡಿಸುವ ಕೆಲಸದಲ್ಲಿದ್ದೆ, ಸುಮ್ಮನಾದೆ. ಈಗ ಹೇಳುತ್ತೇನೆ.

ದಿನಾ ಜಗಳ ಇತ್ತು. ಹೊಂದಿಕೊಂಡಿದ್ದು ಜಾಸ್ತಿ ಅತ್ತೆಯೇ, ಅದರಲ್ಲೂ ಅನುಮಾನ ಬೇಡ. ನಾನು ಬರುವ ಹೊತ್ತಿಗೂ ಅವರು ಊಟ ಮಾಡುತ್ತಿದ್ದುದು ಎಲ್ಲರದೂ ಆದ ಮೇಲೆ. ಮಾವ ಒಂದು ಲೋಟ ಎತ್ತಿಟ್ಟವರಲ್ಲ. ಅದನ್ನೆಲ್ಲ ಮರೆತು "ಆದರ್ಶ ದಂಪತಿ" ಅಂತ ಫೋಟೊ ಹಾಕಿ ಹೂವಿನ ಚಿತ್ರ ಅಂಟಿಸುವುದು ನನಗೆ ಆಗದು. ನನ್ನ ಮಗಳಿಗೆ "ಅಜ್ಜಿ ಥರ ಇರು" ಅಂತ ನಾನು ಯಾವತ್ತೂ ಹೇಳಿಲ್ಲ.

ಆದರೆ ಅವರಿಬ್ಬರ ನಡುವೆ ಒಂದು ವ್ಯವಹಾರ ಇತ್ತು. ಅದನ್ನು ಮಾತ್ರ ಎಲ್ಲರಿಗೂ ಹೇಳಬೇಕು ಅನಿಸುತ್ತದೆ.

ಅಡಿಕೆ ಮನೆಗಳಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ. ಕೊಯ್ಯುವ ಕೊನೆಗೌಡ ಮರ ಹತ್ತಿ ಇಳಿಸಿದ ಕೊನೆ, ಅಂದರೆ ಅಡಿಕೆ ಗೊಂಚಲು, ಯಜಮಾನರ ಲೆಕ್ಕಕ್ಕೆ. ತಾನಾಗಿ ಉದುರಿ ಬಿದ್ದ ಅಡಿಕೆ ಹೆಕ್ಕಿದವರದ್ದು. ನಮ್ಮಲ್ಲಿ ಹೆಕ್ಕುತ್ತಿದ್ದವರು ಅತ್ತೆ. ಬೆಳಿಗ್ಗೆ ಹಾಲು ಕರೆದು, ಸೀರೆ ಎತ್ತಿಕಟ್ಟಿ, ಒಂದು ಹಳೇ ಬುಟ್ಟಿ ಹಿಡಿದು ತೋಟಕ್ಕೆ ಇಳಿಯುವರು. ಇಂಬಳ (ಜಿಗಣೆ) ಹತ್ತುತ್ತದೆ ಅಂತ ಕಾಲಿಗೆ ಸುಣ್ಣ ಹೊಗೆಸೊಪ್ಪು ಸವರಿಕೊಂಡು. ಹೆಕ್ಕಿದ್ದನ್ನು ಒಣಗಿಸಿ, ಸುಲಿದು, ಚೀಲದಲ್ಲಿ ಬೇರೆ ಇಟ್ಟು, ಮಾರಿದ ದುಡ್ಡು ಹಾರ್ಲಿಕ್ಸ್ ಡಬ್ಬಿಯೊಳಗೆ. ಆ ಡಬ್ಬಿ ಅಟ್ಟದ ಮೇಲೆ ಹಲಸಿನ ಹಪ್ಪಳದ ಡಬ್ಬದ ಹಿಂದೆ ಇರುತ್ತದೆ ಅನ್ನುವುದು ಇಡೀ ಮನೆಗೆ ಗೊತ್ತು. ಮುಟ್ಟಿದವರು ಯಾರೂ ಇಲ್ಲ. ಅದರಲ್ಲಿ ಎಷ್ಟಿದೆ ಅಂತ ಮಾವ ಒಂದು ಸಲವೂ ಕೇಳಿದ್ದನ್ನು ನಾನು ಕಂಡಿಲ್ಲ. ಅವರ ಲೆಕ್ಕದ ಪುಸ್ತಕದಲ್ಲಿ ಎತ್ತಿನ ಲಾಳದ ಖರ್ಚೂ ಇತ್ತು, ಅತ್ತೆಯ ಡಬ್ಬಿಗೆ ಒಂದು ಸಾಲೂ ಇರಲಿಲ್ಲ.

ಆದರೆ ಮೇ ಕೊನೆ ಬಂತು ಅಂದರೆ ಮಾವ ಅಡುಗೆ ಮನೆ ಬಾಗಿಲಲ್ಲಿ ಬಂದು ನಿಲ್ಲುವರು. ಒಳಗೆ ಬರುವುದಿಲ್ಲ. ಚೌಕಟ್ಟಿಗೆ ಒಂದು ಕೈ ಕೊಟ್ಟು, "ಮೈಲುತುತ್ತಕ್ಕೆ ಸ್ವಲ್ಪ ಬೇಕಿತ್ತಲ್ಲ" ಅನ್ನುವರು. ಮಳೆ ಹಿಡಿಯುವ ಮೊದಲು ಅಡಿಕೆ ಗೊಂಚಲಿಗೆ ಬೋರ್ಡೋ ಅನ್ನುವ ಔಷಧಿ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ತಡವಾದರೆ ಕೊಳೆ ರೋಗ ಬಂದು ಕಾಯೆಲ್ಲ ಉದುರುತ್ತದೆ. ಆ ಹೊತ್ತಿಗೆ ಹಿಂದಿನ ವರ್ಷದ ಅಡಿಕೆ ದುಡ್ಡು ಮುಗಿದಿರುತ್ತದೆ, ಮಕ್ಕಳ ಫೀಸು, ಕೂಲಿ, ಎಲ್ಲ ಒಟ್ಟಿಗೆ. ಸೊಸೈಟಿಯಲ್ಲಿ ಸಾಲ ಸಿಗುತ್ತಿತ್ತು. ಆದರೂ ಇವರು ಮೊದಲು ಬರುತ್ತಿದ್ದುದು ಈ ಬಾಗಿಲಿಗೆ.

ಅತ್ತೆ ತಕ್ಷಣ ಕೊಡುತ್ತಿರಲಿಲ್ಲ. "ಹೋದ ವರ್ಷದ್ದು ತೀರ್ತಾ?" ಅಂತ ಕೇಳುವರು. ತೀರಿರುತ್ತಿತ್ತು, ಅವರಿಗೂ ಗೊತ್ತು. ಆಮೇಲೆ ಅಟ್ಟ ಹತ್ತಿ, ಎಣಿಸಿ, ಮಾವನ ಕೈಯಲ್ಲೂ ಒಮ್ಮೆ ಎಣಿಸಿ, ಗೋಡೆ ಕ್ಯಾಲೆಂಡರಿನ ಆ ತಾರೀಕಿನ ಮನೆಯಲ್ಲಿ ಪೆನ್ಸಿಲಲ್ಲಿ ಬರೆಯುವರು. ನಾಲ್ಕನೇ ಕ್ಲಾಸಿನ ದುಂಡು ಅಕ್ಷರ: "ಇವರಿಗೆ 800". ಅಡಿಕೆ ಮಾರಿದ ದಿನ ಮಾವ ಮೊದಲು ತೀರಿಸುತ್ತಿದ್ದುದು ಇದನ್ನೇ. ಬಡ್ಡಿಗೆ ಒಂದು ಸೀರೆ. ಸೀರೆಯ ಬಣ್ಣದ ಬಗ್ಗೆ ಮತ್ತೆ ಜಗಳ.

ಇದರಲ್ಲಿ ಒಂದು ತಮಾಷೆ ಇದೆ, ನನಗೆ ಅರ್ಥವಾಗಲು ಎರಡು ಮಳೆಗಾಲ ಬೇಕಾಯಿತು. ಕೊಳೆ ಬಂದರೆ ಕಾಯಿ ಉದುರುತ್ತದೆ. ಕಾಯಿ ಉದುರಿದರೆ ಅತ್ತೆಯ ಬುಟ್ಟಿ ತುಂಬುತ್ತದೆ. ಅಂದರೆ ಅತ್ತೆ ಔಷಧಿಗೆ ಸಾಲ ಕೊಟ್ಟಷ್ಟೂ ಅವರಿಗೇ ಲುಕ್ಸಾನು! ಮಾವ ಬೋರ್ಡೋ ಕದಡುವಾಗ ಕತ್ತಿ ಅದ್ದಿ ನೋಡುವರು, ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಇನ್ನೂ ಸಾಲದು ಅಂತ. ಅತ್ತೆ ಪಕ್ಕದಲ್ಲೇ ನಿಂತು "ಇನ್ನೂ ಹಾಕಿ, ಇನ್ನೂ ಹಾಕಿ" ಅನ್ನುವರು. ಮಾವ, "ಸಾಕು ಬಿಡು ಮಾರಾಯ್ತಿ, ನಿನ್ನ ಡಬ್ಬಿಗೂ ನಾಲ್ಕು ಬೀಳ್ಲಿ" ಅನ್ನುವರು.

2013ರಲ್ಲಿ ಮಳೆ ಬಿಡಲೇ ಇಲ್ಲ. ಹೊಡೆದ ಔಷಧಿ ತೊಳೆದು ಹೋಗಿ, ಕೊಳೆ ನಮ್ಮ ಊರುಗಳನ್ನೆಲ್ಲ ತಿಂದುಹಾಕಿತು. ತೋಟದಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಹಸಿ ಕಾಯಿ, ಕೆಟ್ಟ ವಾಸನೆ. ಅತ್ತೆ ಬುಟ್ಟಿ ಹಿಡಿದು ಹೋದವರು ಅರ್ಧ ಗಂಟೆಗೇ ವಾಪಸ್ ಬಂದು ಜಗುಲಿಯಲ್ಲಿ ಕೂತುಬಿಟ್ಟರು. ಬುಟ್ಟಿ ಖಾಲಿ. "ಇದನ್ನ ಹೆಕ್ಕೋಕೆ ಮನಸ್ಸು ಬರಲ್ಲ" ಅಂದರು. ಆ ಸಂಜೆ ಮಾವ ಬಾಗಿಲಿಗೆ ಬರುವ ಮೊದಲೇ ಡಬ್ಬಿ ಜಗುಲಿಗೆ ಬಂದಿತ್ತು. ಇಡೀ ಡಬ್ಬಿ. ಅವತ್ತು ಎಣಿಸಲಿಲ್ಲ, ಕ್ಯಾಲೆಂಡರಿನಲ್ಲಿ ಬರೆಯಲೂ ಇಲ್ಲ. ಮತ್ತೊಂದು ಸಲ ಔಷಧಿ ಹೊಡೆಸಿದ್ದು ಆ ದುಡ್ಡಲ್ಲೇ. ಉಳಿದಿದ್ದು ಸ್ವಲ್ಪ, ಉಳೀತು.

ತವರಿಗೆ ಹೋಗುವಾಗಲೂ ಆ ಡಬ್ಬಿಯ ದುಡ್ಡೇ. ವರ್ಷಕ್ಕೆ ಎರಡು ಸಲ ಈಚೆ ದಡದ ಹೊಳೆಬಾಗಿಲಿಗೆ ಬಂದು ಲಾಂಚ್ ಹತ್ತುವರು. ಹೋಗು ಅಂತ ಮಾವ ಹೇಳುತ್ತಿರಲಿಲ್ಲ, ಬೇಡ ಅಂತಲೂ ಇಲ್ಲ. ವಾಪಸ್ ಬರುವ ದಿನ ಮಾತ್ರ ಮಧ್ಯಾಹ್ನದ ಊಟ ಆದ ಕೂಡಲೇ ಅಂಗಿ ಹಾಕುವರು. ಲಾಂಚ್ ದಡಕ್ಕೆ ಬರುವಾಗ ಅತ್ತೆ ದೂರದಿಂದಲೇ ಕೈ ಎತ್ತಿ ಏನೋ ಕೂಗುತ್ತಿದ್ದರಂತೆ, ನಮ್ಮವರು ಚಿಕ್ಕವರಿದ್ದಾಗ ಅಪ್ಪನ ಜೊತೆ ಹೋಗಿ ನಿಂತು ಕೇಳಿದ್ದಾರೆ. "ದನಕ್ಕೆ ಹುಲ್ಲು ಹಾಕಿದ್ರಾ?" ಅಂತ.

2016ರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಮೇಲೆ ಮಾವ ಆ ಅಡುಗೆ ಮನೆ ಚೌಕಟ್ಟು ದಾಟಿ ಒಳಗೆ ಬಂದರು. ಕಷಾಯ ಕಾಯಿಸಲು ಕಲಿತರು. ಮೊದಲ ದಿನ ಹಾಲು ಉಕ್ಕಿಸಿ, ಎರಡನೇ ದಿನ ಪಾತ್ರೆ ತಳ ಹಿಡಿಸಿ, ಮೂರನೇ ದಿನ ಜೀರಿಗೆ ಬದಲು ಓಮ ಹಾಕಿ. ಅತ್ತೆ ಮಂಚದ ಮೇಲಿಂದಲೇ ಮೂಗು ಸಿಂಡರಿಸಿ ಕುಡಿದು, "ಇಷ್ಟು ವರ್ಷ ಯಾಕೆ ಬರ್ಲಿಲ್ಲ ಅಂತ ಈಗ ಗೊತ್ತಾಯ್ತು" ಅಂದರು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಐವತ್ತು ವರ್ಷ ತಡ ಅಲ್ವಾ ಇದು?

ಅತ್ತೆ 2019ರ ನವೆಂಬರಿನಲ್ಲಿ ಹೋದರು, ಅಡಿಕೆ ಕೊಯ್ಲಿನ ನಡುವೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗಿಸಿದ್ದು ಹಾಗೇ ಇತ್ತು. ಮಾವ ಅಳಲಿಲ್ಲ. ಪೇಪರ್ ಜೋರಾಗಿ ಓದುವುದನ್ನು ನಿಲ್ಲಿಸಿದರು, ಅಷ್ಟೇ.

ಮುಂದಿನ ವರ್ಷ ಲಾಕ್‌ಡೌನ್. ಮೇ ಕೊನೆಯ ಒಂದು ಬೆಳಿಗ್ಗೆ ನಾನು ತೆಳ್ಳೇವು ಹೊಯ್ಯುತ್ತಿದ್ದೆ. ತಿರುಗಿ ನೋಡಿದರೆ ಮಾವ ಬಾಗಿಲಲ್ಲಿ, ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದಾರೆ. ತೋಟದ ವ್ಯವಹಾರ ಆಗಲೇ ಮಗನ ಕೈಗೆ ಬಂದಾಗಿತ್ತು, ಮೈಲುತುತ್ತ ತಂದು ಕೊಟ್ಟಿಗೆಯಲ್ಲಿ ಇಟ್ಟೂ ಆಗಿತ್ತು. ಅವರಿಗೂ ಗೊತ್ತು.

"ಮೈಲುತುತ್ತಕ್ಕೆ ಸ್ವಲ್ಪ ಬೇಕಿತ್ತಲ್ಲ" ಅಂದರು.

ಒಲೆ ಸಣ್ಣ ಮಾಡಿದೆ. "ಹೋದ ವರ್ಷದ್ದು ತೀರ್ತಾ ಮಾವ?" ಅಂದೆ. ಬಾಯಿಗೆ ಹೇಗೆ ಬಂತೋ. "ತೀರಿದೆ, ನೋಡು ಬೇಕಾದ್ರೆ" ಅಂದರು. ಅಟ್ಟ ಹತ್ತಿ ಡಬ್ಬಿ ಇಳಿಸಿದೆ. ಅತ್ತೆ ಹೋದ ಮೇಲೆ ಅದನ್ನು ತೆಗೆದಿದ್ದು ಅವತ್ತೇ. 2,000 ಎಣಿಸಿ ಕೊಟ್ಟೆ, ಅವರ ಕೈಯಲ್ಲಿ ಇನ್ನೊಮ್ಮೆ ಎಣಿಸಿದೆ, ಕ್ಯಾಲೆಂಡರಿನಲ್ಲಿ ಪೆನ್ಸಿಲಲ್ಲಿ ಬರೆದೆ.

ಅಕ್ಟೋಬರಿನಲ್ಲಿ ಮಾವ ಹೋದರು. ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಆ 2,000 ಅವರ ಅಂಗಿ ಜೇಬಿನಲ್ಲಿ ಸಿಕ್ಕಿತು, ಮಡಿಸಿದ್ದು ಮಡಿಸಿದ ಹಾಗೇ. ಡಬ್ಬಿಗೆ ವಾಪಸ್ ಹಾಕಿದೆ. ಕ್ಯಾಲೆಂಡರಿನಲ್ಲಿ ಬರೆದದ್ದನ್ನು ಮಾತ್ರ ಇನ್ನೂ ಹೊಡೆದುಹಾಕಿಲ್ಲ.