ಶೆಫ್ ಸಾಹೇಬ್ರು ಮರಳಿ ಬಂದರು!

ಟಿವಿಯ ಹೆಸರಾಂತ ಶೆಫ್ ಒಬ್ಬರು ಮತ್ತೆ ಬರುತ್ತಿದ್ದಾರೆ. ಹೊಸ ಶೋ, ಹೊಸ ಏಪ್ರನ್, ಹೊಸ ಗಡ್ಡ. ಪ್ರೋಮೋದಲ್ಲಿ ಬರೀ ಕತ್ತಲೆ, ಹೊಗೆ, ಗುಡುಗು. ಹೊಗೆಯೊಳಗಿಂದ ಒಂದು ಕೈ ಚಾಕು ಎತ್ತುತ್ತದೆ. 'ಅವರು ಮರಳಿ ಬಂದಿದ್ದಾರೆ' ಅಂತ ದಪ್ಪ ದನಿಯೊಂದು ಹೆದರಿಸುತ್ತದೆ. ಬಾಗಲಕೋಟೆ ನವನಗರದ ಖಾನಾವಳಿಯಲ್ಲಿ ಉಣ್ಣುತ್ತಿದ್ದವರು ತುತ್ತು ಬಿಟ್ಟು ಟಿವಿ ನೋಡಿದರು. ಜೈಲಿಂದ ಯಾರೋ ತಪ್ಪಿಸಿಕೊಂಡಿದ್ದಾರೆ ಅಂದುಕೊಂಡಿರಬೇಕು. ಕೊನೆಗೆ ಚಾಕು ಬದನೆಕಾಯಿ ಮೇಲೆ ಬಿತ್ತು. ಎಲ್ಲರೂ ಮತ್ತೆ ಎಣಗಾಯಿ ಕಡೆ ತಿರುಗಿದರು.

ಇಷ್ಟು ದಿನ ಎಲ್ಲಿಗೆ ಹೋಗಿದ್ದರು? ಕೇಳಬೇಡಿ, ಅದಕ್ಕೇ ಒಂದು ಇಡೀ ಎಪಿಸೋಡ್ ಇದೆಯಂತೆ. 'ನನ್ನೊಳಗಿನ ರುಚಿ ಹುಡುಕುತ್ತಿದ್ದೆ' ಅಂತ ಹೇಳುತ್ತಾ ಬೆಟ್ಟದ ತುದಿಯಲ್ಲಿ ನಿಂತಿದ್ದಾರೆ. ಬೆಟ್ಟದ ಮೇಲೆ ಒಲೆ ಕಾಣಲಿಲ್ಲ.

ಇದೇ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿದ್ದರು. ತೇರು ನೋಡಿದರು, ಬಳೆ ಇಡಿಸಿಕೊಂಡರು, ರಾತ್ರಿಯೆಲ್ಲ ಕಂಪನಿ ನಾಟಕ ನೋಡಿದರು. ವಾಪಸ್ ಬಂದಾಗ ಗುಡುಗಲಿಲ್ಲ. 'ಬಂದ್ರೇನ್ರಿ ಅಕ್ಕಾರ? ಎರಡು ಬಿಸಿ ರೊಟ್ಟಿ ಹಾಕ್ರಿ' ಅಂದರು ಗಿರಾಕಿಗಳು. 'ತಡೀರಿ, ಹಂಚು ಕಾಯ್ಲಿ' ಅಂದರು ಅಕ್ಕ. ಕಮ್‌ಬ್ಯಾಕ್ ಮುಗಿಯಿತು.

ಸಂಜೀವ್ ಕಪೂರ್ 1993ರಲ್ಲಿ ಜೀ ಟಿವಿಯಲ್ಲಿ ಅಡುಗೆ ಹೇಳಿಕೊಡಲು ನಿಂತಾಗ ಒಲೆ, ಬಾಣಲೆ, ಒಂದು ನಗುಮುಖ ಇದ್ದರೆ ಸಾಕಿತ್ತು. 2010ರಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಬಂತು. ಅಡುಗೆಗೆ ಸ್ಪರ್ಧೆ ಸೇರಿತು, ಸ್ಪರ್ಧೆಗೆ ಕಣ್ಣೀರು ಸೇರಿತು. ಈಗ ಉಪ್ಪು ಬೇರೆ ಹಾಕಬೇಕಾಗಿಲ್ಲ ಅನ್ಸುತ್ತೆ.

ಹೊಸ ಶೋದಲ್ಲಿ ನಮ್ಮ ಕಡೆಯ ಜೋಳದ ರೊಟ್ಟಿಯೂ ಇದೆ. ಗಾಜಿನ ಬಟ್ಟಲಲ್ಲಿ ಅಳೆದಿಟ್ಟ ಹಿಟ್ಟು, ಪಕ್ಕದಲ್ಲಿ ತಣ್ಣೀರು. ಅಯ್ಯೋ ಸ್ವಾಮಿ! ಜೋಳದಲ್ಲಿ ಗೋಧಿಯ ಅಂಟು ಇರುವುದಿಲ್ಲ. ಕುದಿಯುವ ಎಸರು ಹಾಕಿ ಬಿಸಿಬಿಸಿ ಇದ್ದಾಗಲೇ ನಾದಬೇಕು, ಅಂಗೈ ಕೆಂಪಾಗುವ ಹಾಗೆ. ಇಲ್ಲದಿದ್ದರೆ ಬಡಿಯುವಾಗ ಅಂಚೆಲ್ಲ ಬಿರಿಯುತ್ತದೆ, ಎತ್ತಿದರೆ ಹರಿಯುತ್ತದೆ. ಆದರೆ ಟಿವಿಯಲ್ಲಿ ರೊಟ್ಟಿ ಹರಿಯುವುದಿಲ್ಲ. ಹರಿಯುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬರುತ್ತದೆ. ಮುಗಿದ ಮೇಲೆ ನೋಡಿದರೆ ಹಂಚಿನ ಮೇಲೆ ದುಂಡನೆಯ ರೊಟ್ಟಿ ಉಬ್ಬಿ ಕೂತಿದೆ! ಬಡಿದವರು ಯಾರೋ, ಕ್ಯಾಮೆರಾದ ಆಚೆ ಇದ್ದಾರೆ. ಶೆಫ್ ಒಂದು ಚೂರು ಮುರಿದು, ಗುರೆಳ್ಳು ಚಟ್ನಿಗೆ ತಾಗಿಸಿ, ಬಾಯಿಗಿಟ್ಟು ಕಣ್ಣು ಮುಚ್ಚಿದರು. ತುಂಬಾ ಹೊತ್ತು ಮುಚ್ಚಿಕೊಂಡೇ ಇದ್ದರು. ಖಾನಾವಳಿಯಲ್ಲಿ ಹೀಗೆ ಮಾಡಿದರೆ ಜಾಗಕ್ಕೆ ಕಾಯುತ್ತಿರುವವರು 'ಮಲಗಿದ್ರೇನ್ರಿ?' ಅಂತ ಎಬ್ಬಿಸುತ್ತಾರೆ.

ಇನ್ನು ಆಡಿಷನ್. ಅದು ನಮ್ಮೂರಿಗೂ ಬಂತು ಅಂತಿಟ್ಟುಕೊಳ್ಳಿ. ಕಲ್ಯಾಣ ಮಂಟಪದಲ್ಲಿ ಲೈಟು, ಉದ್ದನೆಯ ಸಾಲು. ನಮ್ಮ ಅಕ್ಕನನ್ನೂ ಯಾರೋ ಎಳೆದುಕೊಂಡು ಹೋಗಿ ನಿಲ್ಲಿಸಿದ್ದಾರೆ. ಬುಟ್ಟಿಯಲ್ಲಿ ತಂದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಕೈಯಲ್ಲಿ ಪ್ಯಾಡು ಹಿಡಿದ ಹುಡುಗ ಕೇಳಿದ: 'ಮೇಡಂ, ನಿಮ್ಮ ನೋವಿನ ಕಥೆ ಹೇಳಿ.'

'ಉಳ್ಳಾಗಡ್ಡಿ ರೇಟ್ ಬಿದ್ದೈತ್ರಿ. ಕಿತ್ತ ಆಳಿನ ಪಗಾರನೂ ಹುಟ್ಟಲಿಲ್ಲ.'

'ಅದು ನ್ಯೂಸ್ ಚಾನೆಲ್‌ನವರಿಗೆ ಹೇಳಿ. ನಮಗೆ ಫ್ಯಾಮಿಲಿದು ಬೇಕು.'

'ಆಲಮಟ್ಟಿ ಹಿನ್ನೀರಿಗೆ ಹಳೇ ಊರಾಗಿನ ಮನಿ ಹೋತ್ರಿ.'

'ಅದು ತುಂಬಾ ಹಳೇದಾಯ್ತಲ್ವಾ ಮೇಡಂ. ಫ್ರೆಶ್ ಆಗಿ ಏನಾದ್ರೂ ಇದೆಯಾ?'

ಅಕ್ಕ ಗಡಿಯಾರ ನೋಡಿದರು. 'ತಮ್ಮಾ, ನಾ ಇಲ್ಲೇ ಕುಂತರ ಮಧ್ಯಾಹ್ನದ ರೊಟ್ಟಿ ಯಾರು ಬಡೀತಾರ?'

ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. 'ಅದೇ ಮೇಡಂ, ಅದೇ! ಅದನ್ನೇ ಕ್ಯಾಮೆರಾ ನೋಡಿ ಇನ್ನೊಂದ್ಸಲ ಹೇಳಿ. ಸ್ವಲ್ಪ ಅಳ್ತಾ.'