ಸೆಲ್ಫ್ ಮೋಟರ್ ಬದಲಾಯಿಸುವ ಮುಂಚೆ ಸ್ವಲ್ಪ ಕಿವಿ ಕೊಡಿ

ಹಳೇ ಬೈಕ್ ಇಟ್ಟುಕೊಂಡವರಿಗೆಲ್ಲ ಒಂದು ಕೆಟ್ಟ ಚಾಳಿ ಇದೆ. ಸೆಲ್ಫ್ ಹೊಡೆದಾಗ ಏನೋ ವಿಚಿತ್ರ ಸದ್ದು ಬಂತು ಅಂದರೆ ಇನ್ನೊಂದು ಸಲ ಹೊಡೆಯುತ್ತೇವೆ. ಆಮೇಲೆ ಮತ್ತೊಂದು ಸಲ. ಹತ್ತನೇ ಸಲಕ್ಕೆ ಅದಾಗೇ ಸರಿಹೋಗಿಬಿಡುತ್ತೆ ಅನ್ನೋ ಹಾಗೆ! ನಾನೂ ಅದೇ ಜಾತಿ.

ನನ್ನದು 1970ರ ದಶಕದ ಜಪಾನಿ ಗಾಡಿ, ಎರಡು ಸಿಲಿಂಡರ್. ಬಟನ್ ಒತ್ತಿದರೆ ಮೊದಲು ಗಿರ್ರ್ ಅಂತ ತಿರುಗಿ, ನಡುವೆ ‘ಕಟಾರ್’ ಅಂತ ಹಲ್ಲು ಕಡಿಯುತ್ತಿತ್ತು. ಮೆಕ್ಯಾನಿಕ್ ಒಂದೇ ಸಲ ಕೇಳಿ, “ಮೋಟರ್ ಹೋಗಿದೆ ಸರ್, ಹೊಸದು ಹಾಕಿಬಿಡಿ” ಅಂದರು. ಹಾಕಿಸಿದೆ. ಹೊಸ ಮೋಟರೂ ಅದೇ ಜಾಗದಲ್ಲಿ, ಅದೇ ಥರ ಕಟಾರ್ ಅಂತು.

ಮೆಕ್ಯಾನಿಕ್‌ನನ್ನು ಬೈಯೋದರಲ್ಲಿ ಅರ್ಥವಿಲ್ಲ. ತಪ್ಪು ನನ್ನದು. ಗಾಡಿ ಏನು ಹೇಳುತ್ತಿದೆ ಅಂತ ನಾನು ಕೇಳಿಸಿಕೊಂಡೇ ಇರಲಿಲ್ಲ.

ಸೆಲ್ಫ್‌ನ ಒಂದೊಂದು ಸದ್ದಿಗೂ ಒಂದೊಂದು ಕಾರಣ ಇರುತ್ತದೆ. ಬರೀ ಒಂದು ‘ಟಕ್’ ಬಂದು ಎಲ್ಲ ತಣ್ಣಗಾದರೆ, ರಿಲೇ (ಬಟನ್ ಒತ್ತಿದಾಗ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಕೆಲಸ ಮಾಡಿದೆ, ಆದರೆ ಮೋಟರಿಗೆ ಸಾಕಷ್ಟು ಕರೆಂಟ್ ಹೋಗುತ್ತಿಲ್ಲ ಅಂತ. ರಿಲೇ ಒಳಗಿನ ಪಾಯಿಂಟ್ ಸುಟ್ಟಿರಬಹುದು, ವೈರ್ ಸಡಿಲ ಇರಬಹುದು, ಮೋಟರ್ ಒಳಗೆ ಕರೆಂಟ್ ದಾಟಿಸುವ ಬ್ರಷ್ ಸವೆದಿರಬಹುದು. ‘ಟಕಟಕಟಕ’ ಅಂತ ಒಂದೇ ಸಮನೆ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಡೌನ್. ರಿಲೇ ಎಳೆಯುತ್ತದೆ, ಮೋಟರ್ ಇರೋ ಬರೋ ಕರೆಂಟ್ ಹೀರುತ್ತದೆ, ವೋಲ್ಟೇಜ್ ಕುಸಿದು ರಿಲೇ ಕೈಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗೆ ಇಳಿದರೆ ಬೇರೆ ಏನನ್ನೂ ಬಿಚ್ಚಬೇಡಿ, ಮೊದಲು ಬ್ಯಾಟರಿ ನೋಡಿ.

ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಸೇರಿಸುವ ಅರ್ತ್ ವೈರನ್ನಂತೂ ಯಾರೂ ನೋಡುವುದಿಲ್ಲ. ವೋಲ್ಟ್ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟು ಬಟನ್ ಒತ್ತಿ. 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲೇ ತೊಂದರೆ. ಹೊಸದಾಗಿ ಫ್ರೇಮಿಗೆ ಬಣ್ಣ ಹೊಡೆಸಿದವರು ಇದನ್ನು ನೋಡಲೇಬೇಕು. ಬಣ್ಣದ ಮೇಲೆ ಅರ್ತ್ ಬೋಲ್ಟ್ ಬಿಗಿದು, ಗಾಡಿ ಲಕಲಕ ಹೊಳೆಯುತ್ತೆ ಸೆಲ್ಫ್ ಮಾತ್ರ ಹೊಡೆಯಲ್ಲ ಅಂತ ಗೋಳಾಡುವವರು ಕಡಿಮೆ ಇಲ್ಲ.

ನನ್ನ ಕಟಾರ್ ಮಾತ್ರ ಇದ್ಯಾವುದೂ ಅಲ್ಲ. ಎರಡೂ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ರಂಧ್ರದಿಂದ ದೂರದಲ್ಲಿ ಇಂಜಿನ್ ಮೈಗೆ ತಾಗಿಸಿಟ್ಟು ಸೆಲ್ಫ್ ಹೊಡೆದೆ. ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವುದು) ಇಲ್ಲದ ಇಂಜಿನ್ ಸಲೀಸಾಗಿ ತಿರುಗಿತು, ಸದ್ದೇ ಇಲ್ಲ. ಅಂದರೆ ಭಾರ ಬಿದ್ದಾಗ ಮಾತ್ರ ಏನೋ ಜಾರುತ್ತಿದೆ. ಪ್ಲಗ್ ವಾಪಸ್ ಹಾಕಿ, ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ಅಲ್ಲಿ ಬರೀ ಗಿರ್ರ್. ಮ್ಯಾಗ್ನೆಟ್ (ಕರೆಂಟ್ ತಯಾರಿಸಲು ಇಂಜಿನ್ ಜೊತೆ ತಿರುಗುವ ಚಕ್ರ) ಕವರಿಗೆ ಇಟ್ಟರೆ ಕಟಾರ್ ಕಿವಿಗೇ ಹೊಡೆಯಿತು. ಕಿಕ್ ಹೊಡೆದು ನೋಡಿದರೆ ಆ ಸದ್ದು ಇಲ್ಲ.

ಕಳ್ಳ ಒನ್‌ವೇ ಕ್ಲಚ್. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ ಅದು. ಮೋಟರ್ ಇಂಜಿನ್ನನ್ನು ತಿರುಗಿಸಬೇಕು, ಇಂಜಿನ್ ಸ್ಟಾರ್ಟ್ ಆದಮೇಲೆ ಮೋಟರನ್ನು ಎಳೆದುಕೊಂಡು ಓಡಬಾರದು. ನನ್ನ ಗಾಡಿಯಲ್ಲಿ ಅದು ಮ್ಯಾಗ್ನೆಟ್ ಹಿಂದೆ ಇದೆ, ಒಳಗೆ ಮೂರು ಪುಟ್ಟ ರೋಲರ್, ಒಂದೊಂದಕ್ಕೂ ಒಂದು ಸ್ಪ್ರಿಂಗ್. ಸ್ಪ್ರಿಂಗ್ ರೋಲರನ್ನು ಕಿರಿದಾದ ಕಡೆ ತಳ್ಳಿ ಸಿಕ್ಕಿಸುತ್ತದೆ, ಆಗಲೇ ಹಿಡಿತ.

ಬಿಗಿದು ಕೂತದ್ದನ್ನು ಎಳೆದು ತೆಗೆಯುವ ಪುಲ್ಲರ್ ಹಾಕಿ ಮ್ಯಾಗ್ನೆಟ್ ತೆಗೆದೆ. (ಸುತ್ತಿಗೆಯಲ್ಲಿ ಹೊಡೆಯಬೇಡಿ, ದಯವಿಟ್ಟು.) ಒಂದು ರೋಲರನ್ನು ಬೆರಳಲ್ಲಿ ಉರುಳಿಸಿದರೆ ಅರ್ಧ ಸುತ್ತು ಹೋಗಿ ನಿಂತುಬಿಡುತ್ತಿತ್ತು. ಒಂದು ಪಕ್ಕ ಸವೆದು ಚಪ್ಪಟೆ, ಕನ್ನಡಿ ಥರ ಹೊಳೆಯುತ್ತಿತ್ತು. ಅದರ ಸ್ಪ್ರಿಂಗ್ ಉಳಿದೆರಡಕ್ಕಿಂತ ಕುಳ್ಳಾಗಿತ್ತು. ಕ್ಲಚ್ಚನ್ನು ಹಿಡಿದಿದ್ದ ಸ್ಕ್ರೂಗಳಲ್ಲಿ ಒಂದು ಕೈಯಲ್ಲೇ ತಿರುಗಿತು.

ಹೊಟ್ಟೆ ಉರಿದದ್ದು ಇದರಿಂದಲ್ಲ. ಹಿಂದಿನ ವರ್ಷ ಪೂರ್ತಿ ನಾನು ಡೌನ್ ಆದ ಬ್ಯಾಟರಿಯಲ್ಲೇ ಕಾಲ ತಳ್ಳಿದ್ದೆ. ನಿಧಾನಕ್ಕೆ ತಿರುಗುವ ಇಂಜಿನ್ ಕಂಪ್ರೆಷನ್ ದಾಟಲಾರದೆ ಹಿಂದಕ್ಕೆ ಒದೆಯುತ್ತದೆ. ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ ಸ್ವಲ್ಪ ಮುಂದಿದ್ದರಂತೂ ಕೇಳೋದೇ ಬೇಡ. ಆ ಒದೆಯೆಲ್ಲ ಬೀಳುವುದು ಇದೇ ಮೂರು ರೋಲರಿನ ಮೇಲೆ. ಜೊತೆಗೆ ಕಟಾರ್ ಅಂದಾಗಲೆಲ್ಲ ಬಟನ್ ಒತ್ತಿದ್ದು ಬೇರೆ.

ರೋಲರ್, ಸ್ಪ್ರಿಂಗ್ ಹೊಸದು ಹಾಕಿ, ಸ್ಕ್ರೂಗಳಿಗೆ ಸಡಿಲವಾಗದ ಅಂಟು ಹಚ್ಚಿ ಬಿಗಿದೆ. ಕಟಾರ್ ಹೋಯಿತು. ಆಮೇಲೆ ಕುತೂಹಲಕ್ಕೆ, ಬಿಚ್ಚಿಟ್ಟಿದ್ದ ಹಳೇ ಮೋಟರ್ ತೆಗೆದು ನೋಡಿದೆ. ಬ್ರಷ್ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಒರೆಸಿ, ಮತ್ತೆ ಡಬ್ಬಿಗೆ ಹಾಕಿಟ್ಟಿದ್ದೇನೆ.